ಕಸ ಕಡಿಮೆ ಮಾಡುವ ಹಟ ನನ್ನೊಬ್ಬಳದು, ಮನೆ ಐದು ಜನರದು: ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಬಿಡಬೇಕು?

‘ಮೂರನೇ ಮಹಡಿ’ ಎಂಬ ಹೆಸರಿನಲ್ಲಿ ಒಬ್ಬರು ಕೇಳಿದ್ದು:

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎರಡು ಬೆಡ್‌ರೂಮಿನ ಮನೆ. ಗಂಡ, ಅತ್ತೆ, ಏಳು ವರ್ಷದ ಮಗಳು, ಎಂಟು ತಿಂಗಳ ಮಗ, ನಾನು. ನಮ್ಮ ಮನೆಯ ಕಸ ಇನ್ನೊಬ್ಬರ ಊರಿನ ನೀರು ಕೆಡಿಸಬಾರದು ಅನ್ನುವುದು ನನಗೆ ಮುಖ್ಯ. ನಮ್ಮ ಕಸ ಸುರಿಯುತ್ತಿದ್ದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರಿನವರು ನಮ್ಮ ನಗರದ ಕಸದ ಲಾರಿಗಳನ್ನು ತಡೆದು ನಿಲ್ಲಿಸಬೇಕಾಯಿತು ಅನ್ನುವುದನ್ನು ಮರೆಯಲು ಆಗುವುದಿಲ್ಲ.

ಆದರೆ ಮನೆಯೊಳಗೆ ಇದು ನಡೆಯುತ್ತಿಲ್ಲ. ಬಾಲ್ಕನಿಯ ಗೊಬ್ಬರದ ಬಕೆಟ್ ಎರಡನೇ ವಾರಕ್ಕೇ ನಾರುತ್ತದೆ. ತುಳಸಿ ಇರುವ ಕಡೆ ಮುಸುರೆ ಇಡಬೇಡ ಅನ್ನುತ್ತಾರೆ ಅತ್ತೆ. ಗಂಡ ಯಾವುದು ಕೈಗೆ ಸಿಕ್ಕಿದರೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಮಗನಿಗೆ ದಿನಕ್ಕೆ ಆರೇಳು ಡೈಪರ್. ಪಾತ್ರೆ ತೊಳೆಯಲು ಬರುವವರಿಗೆ ನಾನು ಸಿಪ್ಪೆ ಹುದುಗಿಸಿ ಮಾಡುವ ಬಯೋ ಎನ್‌ಜೈಮ್ ಬೇಡವಂತೆ. ದಿನಾ ಜಗಳ ಆಡದೆ ಇದನ್ನು ನಡೆಸುವ ದಾರಿ ಇದೆಯೇ? ಎಲ್ಲವನ್ನೂ ಬಿಟ್ಟುಬಿಡಲು ಮನಸ್ಸಿಲ್ಲ.

ಹೊಂಗೆ ನೆರಳು ಉತ್ತರ:

ಮೊದಲು ನಿಮ್ಮ ಪಟ್ಟಿಯನ್ನು ಎರಡಾಗಿ ಒಡೆಯಿರಿ. ನಾವು ತಪ್ಪಿದರೆ ಬೇರೆಯವರ ಕೈಗೆ, ಮೈಗೆ ತಾಗುವಂಥವು ಒಂದು ಕಡೆ. ನಮ್ಮ ಮನಸ್ಸಿಗೆ ಸರಿ ಅನಿಸಿದ್ದಕ್ಕೆ ಮಾಡುವಂಥವು ಇನ್ನೊಂದು ಕಡೆ.

ಮೊದಲನೆಯದರಲ್ಲಿ ಇರುವುದು ನಾಲ್ಕೇ: ಹಸಿ ಕಸ ಬೇರೆ, ಒಣ ಕಸ ಬೇರೆ, ಡೈಪರ್ ಮತ್ತು ಪ್ಯಾಡ್ ಸುತ್ತಿ ಬೇರೆ, ಒಡೆದ ಗಾಜು ಹಾಗೂ ಬ್ಲೇಡು ದಪ್ಪ ಕಾಗದದಲ್ಲಿ ಕಟ್ಟಿ ಮೇಲೆ ಬರೆದು ಬೇರೆ. ಇವು ಬೆರೆತರೆ ಪೌರಕಾರ್ಮಿಕರು ಬರಿಗೈಯಲ್ಲಿ ಬಿಡಿಸಬೇಕಾಗುತ್ತದೆ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್ ಥರದ್ದು, ಚೀಲಕ್ಕೆ ಒಣ ಕಸ. ಈ ನಾಲ್ಕರಲ್ಲಿ ಮನೆಯವರು ಯಾರೇ ಆಗಲಿ, ರಾಜಿ ಬೇಡ.

ಗೊಬ್ಬರ, ಬಟ್ಟೆ ಡೈಪರ್, ಬಯೋ ಎನ್‌ಜೈಮ್, ಅಂಟುವಾಳ, ಬಿದಿರಿನ ಬ್ರಷ್ ಎಲ್ಲ ಎರಡನೆಯ ಗುಂಪು. ಅದರಲ್ಲಿ ಒಂದೇ ನಿಯಮ ಸಾಕು: ಬೇಕೆಂದವರೇ ಅದರ ಕೆಲಸವನ್ನೂ ಮಾಡಬೇಕು. ಮಾಡಲು ಪುರುಸೊತ್ತಿಲ್ಲದ ತಿಂಗಳು ಅದನ್ನು ನಿಲ್ಲಿಸಿ. ಹಸಿ ಕಸವನ್ನು ಬೇರೆ ಮಾಡಿ ಕಸದ ಆಟೋಕ್ಕೆ ಕೊಟ್ಟರೂ ನಿಮ್ಮ ಕರ್ತವ್ಯ ಪೂರ್ತಿ ಆಯಿತು, ಗೊಬ್ಬರ ಅದರ ಮೇಲಿನ ಮಾತು.

ಅತ್ತೆಯವರ ಆಕ್ಷೇಪಣೆಯನ್ನು ಅಡ್ಡಿ ಅಂದುಕೊಳ್ಳಬೇಡಿ, ಅದರಲ್ಲೇ ಉತ್ತರ ಇದೆ. ಅವರ ಲೆಕ್ಕದಲ್ಲಿ ಎಂಜಲು ಬೇರೆ, ಮುಸುರೆ ಬೇರೆ, ಹಸಿ ತರಕಾರಿಯ ಸಿಪ್ಪೆ ಬೇರೆ. ಸಿಪ್ಪೆಗೆ ಯಾವ ಮೈಲಿಗೆಯೂ ಇಲ್ಲ. ನಿಮ್ಮ ಬಕೆಟ್ ನಾರುವುದೂ ಬಹುಪಾಲು ಅನ್ನ, ಸಾರು, ಮೊಸರು ಬಿದ್ದದ್ದರಿಂದಲೇ. ಬಾಲ್ಕನಿಗೆ ಸಿಪ್ಪೆ, ಸೊಪ್ಪಿನ ದಂಟು, ಹಣ್ಣಿನ ಸಿಪ್ಪೆ ಮಾತ್ರ. ಬೇಯಿಸಿದ್ದು, ತಟ್ಟೆಯಲ್ಲಿ ಉಳಿದದ್ದು ಹಸಿರು ಬುಟ್ಟಿಗೆ. ಅವರ ಶಾಸ್ತ್ರಕ್ಕೂ ಸರಿ, ಬಕೆಟ್ಟಿಗೂ ಸರಿ.

ದೇವರ ಹೂವಿಗೆ ಇನ್ನೊಂದು ಮಣ್ಣಿನ ಕುಂಡ ಇಡಿ, ಅದನ್ನು ಅವರಿಗೇ ಬಿಡಿ. ನಿರ್ಮಾಲ್ಯವನ್ನು ಗಿಡದ ಬುಡಕ್ಕೆ, ಕಾಲು ತಾಗದ ಕಡೆ ಹಾಕುವುದು ಹಳೆಯ ರೂಢಿ. ದಾರ, ಪ್ಲಾಸ್ಟಿಕ್ ಜರಿ ಬಿಡಿಸಿ, ಹೂವನ್ನು ಒಂದು ದಿನ ಬಾಡಿಸಿ, ಒಂದು ಹಿಡಿ ಹೂವಿಗೆ ಒಂದು ಹಿಡಿ ಒಣಮಣ್ಣು ಮುಚ್ಚಿದರೆ ವಾಸನೆ ಬರುವುದಿಲ್ಲ. ಆ ಗೊಬ್ಬರ ತುಳಸಿಗೆ ಹೋಗಲಿ.

ಮಣ್ಣಿನ ಕೈ ಉತ್ತರ:

ಬಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಎರಡನೇ ವಾರದಲ್ಲಿ ನಾರುವುದಕ್ಕೆ ಕಾರಣ ಗಾಳಿ ಇಲ್ಲದಿರುವುದು, ನೀರು ಹೆಚ್ಚಿರುವುದು. ಮೊದಲ ವಾರ ತಳದಲ್ಲಿ ಜಾಗ ಇರುತ್ತದೆ, ತೊಂದರೆ ಕಾಣುವುದಿಲ್ಲ. ಆಮೇಲೆ ಸಿಪ್ಪೆಯ ನೀರು ಇಳಿದು ತಳ ಕೆಸರಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಇದೇ ಕಾರಣ. ಕಣ್ಣು ಉರಿಸುವ ಅಮೋನಿಯಾದ ಘಾಟು ಬಂದರೆ ಹಸಿ ಪದಾರ್ಥ ಹೆಚ್ಚಾಗಿ ಒಣ ಪದಾರ್ಥ ಸಾಲದಾಗಿದೆ ಎಂದರ್ಥ. ಎರಡಕ್ಕೂ ಮದ್ದು ತರಗೆಲೆಯೇ, ಆದರೆ ಮೊದಲನೆಯದಕ್ಕೆ ತಳದಿಂದ ಕೆದಕುವುದೂ ಬೇಕು.

20 ಲೀಟರಿನ ಪೇಂಟ್ ಬಕೆಟ್ ಮೂರು ತೆಗೆದುಕೊಳ್ಳಿ. ತಳಕ್ಕೆ ಏಳೆಂಟು ತೂತು, ಪಕ್ಕಕ್ಕೆ ಸುತ್ತಲೂ ಮೂರು ಸಾಲು, ತೂತು ಪೆನ್ಸಿಲ್ ದಪ್ಪ ಇದ್ದರೆ ಸಾಕು. ಕೆಳಗೆ ತಟ್ಟೆ, ಅದರ ಮೇಲೆ ಎರಡು ಇಟ್ಟಿಗೆ ಚೂರು, ಅದರ ಮೇಲೆ ಬಕೆಟ್. ತಳದಲ್ಲಿ ಎರಡು ಇಂಚು ತೆಂಗಿನ ನಾರು. ತೆಂಗಿನಕಾಯಿ ಸುಲಿದಾಗ ಸಿಗುವ ಜುಟ್ಟೇ ಆದೀತು.

ದಿನಾ ಒಂದು ಡಬ್ಬಿ ಸಿಪ್ಪೆ ಹಾಕಿದರೆ ಅದೇ ಡಬ್ಬಿಯ ತುಂಬ ಪುಡಿ ಮಾಡಿದ ತರಗೆಲೆ ಹಾಕಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಆದರೆ ಅರ್ಧ ಡಬ್ಬಿ ಸಾಕು. ಸಿಪ್ಪೆ ಒಂದು ಇಂಚಿಗಿಂತ ದೊಡ್ಡದಿರಬಾರದು. ಬಾಳೆದಿಂಡು, ಹೂಕೋಸಿನ ದಂಟು, ಕಲ್ಲಂಗಡಿ ಸಿಪ್ಪೆ ಕತ್ತರಿಸದೆ ಹಾಕಿದರೆ ತಿಂಗಳಾದರೂ ಹಾಗೇ ಇರುತ್ತವೆ. ಮೊದಲ ದಿನ ಅರ್ಧ ಲೋಟ ಹುಳಿ ಮಜ್ಜಿಗೆಯನ್ನೋ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸೇರಿಸಿ. ಮೂರು ದಿನಕ್ಕೊಮ್ಮೆ ತಳ ಮುಟ್ಟುವಂತೆ ಕೆದಕಿ. ಕೆದಕಿದ ಮೇಲೆ ಒಂದು ಇಂಚು ಒಣ ಎಲೆಯ ಮುಚ್ಚಿಗೆ ಇರಲೇಬೇಕು. ಸಣ್ಣ ನೊಣ ಬರುವುದು ಸಿಪ್ಪೆ ತೆರೆದಿದ್ದಾಗ ಮಾತ್ರ.

ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಹದ. ಧಾರೆ ಇಳಿದರೆ ಒಣ ಎಲೆ ಹಾಕಿ ಮುಚ್ಚಳ ಅರ್ಧ ತೆಗೆದಿಡಿ. ಕೈಗೆ ಅಂಟದೆ ಉದುರಿದರೆ ನೀರು ಚಿಮುಕಿಸಿ. ಬಿಳಿ ಬೂಷ್ಟು ಬಂದರೆ ಗಾಬರಿ ಬೇಡ, ಅದು ಕೆಲಸ ಮಾಡುವ ಶಿಲೀಂಧ್ರ. ಕಂದು ಬಣ್ಣದ ದಪ್ಪ ಹುಳುಗಳೂ ಗೊಬ್ಬರಕ್ಕೆ ಒಳ್ಳೆಯವೇ, ಆದರೆ ಅವು ಹೊರಗೆ ಹರಿದರೆ ಮನೆಯವರ ಸಹನೆ ಮುಗಿಯುತ್ತದೆ. ಮುಚ್ಚಿಗೆ ದಪ್ಪ ಮಾಡಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ.

ಡಿಕಾಕ್ಷನ್ ತೆಗೆದ ಕಾಫಿಪುಡಿ ಧಾರಾಳವಾಗಿ ಹಾಕಬಹುದು. ಹಾಲು ಹಾಕಿ ಕುದಿಸಿದ ಟೀಪುಡಿಯನ್ನು ತೊಳೆದೇ ಹಾಕಬೇಕು. ನಿಂಬೆಹಣ್ಣಿನ ಹೋಳು ದಿನಕ್ಕೆ ಒಂದೆರಡಾದರೆ ಸರಿ, ಪಾನಕ ಮಾಡಿದ ದಿನದ ರಾಶಿ ಬೇಡ. ಮಾವಿನ ಓಟೆ, ತೆಂಗಿನ ಕರಟ ಕರಗುವುದಿಲ್ಲ.

ನೀವು ಹೇಳಿದ ಮನೆಗೆ ಹಸಿ ಸಿಪ್ಪೆ ಮಾತ್ರ ಅಂದರೆ ದಿನಕ್ಕೆ ಸುಮಾರು ಅರ್ಧ ಕೆಜಿ. ಕುಗ್ಗುತ್ತಾ ಹೋಗುವುದರಿಂದ ಒಂದು ಬಕೆಟ್ ತುಂಬಲು ಹೆಚ್ಚುಕಡಿಮೆ ಒಂದು ತಿಂಗಳು. ತುಂಬಿದ್ದನ್ನು ಪಕ್ಕಕ್ಕಿಟ್ಟು ವಾರಕ್ಕೊಮ್ಮೆ ಕೆದಕಿದರೆ ಮತ್ತೆ ಒಂದೂವರೆ ಎರಡು ತಿಂಗಳಿಗೆ ಕಪ್ಪಾಗಿ ಮಣ್ಣಿನ ವಾಸನೆ ಬರುತ್ತದೆ. ಆ ಹೊತ್ತಿಗೆ ಮೂರನೆಯದು ತುಂಬಿರುತ್ತದೆ.

ಮೂರನೇ ಮಹಡಿ:

ಹಸಿ ಸಿಪ್ಪೆ ಮಾತ್ರ ಅನ್ನುವುದು ಅತ್ತೆಗೆ ಒಪ್ಪಿಗೆ ಆಯಿತು, ಹೂವಿನ ಕುಂಡ ಅವರೇ ನೋಡಿಕೊಳ್ಳುತ್ತಾರಂತೆ. ಈಗ ಉಳಿದದ್ದು ಬುಟ್ಟಿ ಮತ್ತು ಡೈಪರ್. ಗಂಡ ತಪ್ಪು ಬುಟ್ಟಿಗೆ ಹಾಕಿದಾಗ ತೆಗೆದು ತೋರಿಸಬೇಕೇ, ಸುಮ್ಮನೆ ನಾನೇ ಸರಿಮಾಡಬೇಕೇ?

ಕಟ್ಟೆಯ ಮೇಲೆ ಉತ್ತರ:

ಎರಡೂ ಬೇಡ. ತೆಗೆದು ತೋರಿಸಿದರೆ ಅದು ತನಿಖೆ ಆಗುತ್ತದೆ, ಮಾತು ಕಸದಿಂದ ಹಳೆಯ ವಿಷಯಗಳಿಗೆ ಹೋಗುತ್ತದೆ. ಸುಮ್ಮನೆ ಸರಿಮಾಡಿದರೆ ಅದು ಎಂದೆಂದಿಗೂ ನಿಮ್ಮ ಕೆಲಸವೇ ಆಗಿಬಿಡುತ್ತದೆ.

ಬುಟ್ಟಿಗಳು ಎಲ್ಲಿವೆ ನೋಡಿ. ಸಾಮಾನ್ಯವಾಗಿ ಮೂರೂ ಯುಟಿಲಿಟಿಯಲ್ಲಿ, ಬಾಗಿಲ ಹಿಂದೆ ಇರುತ್ತವೆ. ತರಕಾರಿ ಹೆಚ್ಚುವುದು ಕಟ್ಟೆಯ ಮೇಲೆ, ಬಿಸ್ಕತ್ ಪ್ಯಾಕೆಟ್ ಒಡೆಯುವುದು ಹಾಲ್‌ನಲ್ಲಿ, ಕೊರಿಯರ್ ಬಿಚ್ಚುವುದು ಮುಂಬಾಗಿಲಲ್ಲಿ. ನಾಲ್ಕು ಹೆಜ್ಜೆ ದೂರ ಆದರೂ ಕೈ ಹತ್ತಿರದ ಬುಟ್ಟಿಗೇ ಹೋಗುತ್ತದೆ. ಹೆಚ್ಚುವ ಮಣೆಯ ಪಕ್ಕ ಎರಡು ಲೀಟರಿನ ಮುಚ್ಚಳ ಇಲ್ಲದ ಸ್ಟೀಲ್ ಡಬ್ಬಿ, ಹಾಲ್‌ನಲ್ಲಿ ಒಣ ಕಸಕ್ಕೊಂದು ಬಟ್ಟೆ ಚೀಲ, ಬಚ್ಚಲುಮನೆಯಲ್ಲಿ ಮುಚ್ಚಳದ ಸಣ್ಣ ಕೆಂಪು ಬುಟ್ಟಿ ಇಡಿ. ಎಲ್ಲಕ್ಕೂ ಆಗುವ ದೊಡ್ಡ ಬುಟ್ಟಿ ಮನೆಯಲ್ಲಿ ಎಲ್ಲೂ ಇರಬಾರದು. ಅದು ಇರುವವರೆಗೂ ಎಲ್ಲವೂ ಅದಕ್ಕೇ ಬೀಳುತ್ತದೆ.

ಗಂಡನಿಗೆ ಒಂದು ಸಾಲನ್ನು ಪೂರ್ತಿ ಬಿಟ್ಟುಕೊಡಿ, ಉದಾಹರಣೆಗೆ ಒಣ ಕಸ: ತೊಳೆದದ್ದೋ ನೋಡುವುದು, ಒಣಗಿಸುವುದು, ಆಟೋದವರಿಗೋ ಗುಜರಿಯವರಿಗೋ ಕೊಡುವುದು, ಎಲ್ಲ ಅವರದೇ. ಎಣ್ಣೆ ಹತ್ತಿದ ಪಾರ್ಸೆಲ್ ಡಬ್ಬಿ ಅದರಲ್ಲಿ ಕೂತು ನಾರಿದರೆ ಅವರ ಮೂಗಿಗೇ ಗೊತ್ತಾಗುತ್ತದೆ. ನೀವು ಕೈ ಹಾಕಬೇಡಿ.

ಹಾಲಿನ ಪ್ಯಾಕೆಟ್ ದಿನಕ್ಕೆ ನಾಲ್ಕು ಎಂದರೂ ತಿಂಗಳಿಗೆ 120. ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ, ಚೂರು ಅಂಟಿಕೊಂಡೇ ಇರಲಿ. ಕತ್ತರಿಸಿ ತೆಗೆದರೆ ಆ ಪುಟ್ಟ ತುಂಡು ಎಲ್ಲಿಗೂ ಸೇರದೆ ಚರಂಡಿ ಸೇರುತ್ತದೆ. ಸ್ವಲ್ಪ ನೀರು ಹಾಕಿ ಕುಲುಕಿ, ಒಳಗು ಹೊರಗು ಮಾಡಿ ಒಣಹಾಕಿದರೆ ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಒಳಗೆ ಬೆಳ್ಳಿ ಬಣ್ಣದ ಚಿಪ್ಸ್ ಪ್ಯಾಕೆಟ್ಟಿಗೆ ಬೆಲೆ ಇಲ್ಲ, ಹಲವು ಪದರ ಬೆಸೆದಿರುವುದರಿಂದ ಅದನ್ನು ಮರುಬಳಕೆ ಮಾಡುವುದು ಕಷ್ಟ. ಮಗಳಿಗೆ ತಿಂಡಿಯನ್ನೇ ನಿಲ್ಲಿಸುವುದು ಅನ್ಯಾಯ. ಐದು ಸಣ್ಣ ಪ್ಯಾಕೆಟ್ ಬದಲು ಒಂದು ದೊಡ್ಡದು ತನ್ನಿ, ಇಲ್ಲವೇ ಕಾಂಡಿಮೆಂಟ್ಸ್ ಅಂಗಡಿಗೆ ಡಬ್ಬಿ ಒಯ್ದು ಅರ್ಧ ಕೆಜಿ ಚಕ್ಕುಲಿ, ಕೋಡುಬಳೆ ತೂಗಿಸಿ ತನ್ನಿ. ಡಬ್ಬಿಯ ತೂಕವನ್ನು ಮೊದಲೇ ಕಳೆಯಲು ಹೇಳಬೇಕು.

ತೊಟ್ಟಿಲು ಉತ್ತರ:

ಡೈಪರಿನಲ್ಲಿ ಪೂರ್ತಿ ಗೆಲ್ಲಲು ಹೋದರೆ ಪೂರ್ತಿ ಸೋಲುತ್ತೀರಿ. ಹಗಲು ಮನೆಯಲ್ಲಿರುವಾಗ ಬಟ್ಟೆ, ರಾತ್ರಿಗೆ ಮತ್ತು ಪ್ರಯಾಣಕ್ಕೆ ಅಂಗಡಿಯದು ಎಂದು ಹಂಚಿಕೊಳ್ಳಿ. ಆರೇಳರಲ್ಲಿ ನಾಲ್ಕೈದು ಅಲ್ಲೇ ಉಳಿಯುತ್ತವೆ. ಎರಡು ದಿನಕ್ಕೊಮ್ಮೆ ಒಗೆಯುವುದಾದರೆ ಹನ್ನೆರಡು ಬಟ್ಟೆ ಡೈಪರ್ ಬೇಕು, ಮಳೆಗಾಲಕ್ಕೆ ಇನ್ನು ನಾಲ್ಕು. ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬೇಡಿ, ಅದು ನೂಲಿನ ಮೇಲೆ ಜಿಡ್ಡಿನಂತೆ ಕೂತು ಹೀರುವ ಗುಣ ಹೋಗುತ್ತದೆ. ಸೋರಲು ಶುರುವಾದರೆ ಬಹಳ ಸಲ ಇದೇ ಕಾರಣ, ಇಲ್ಲವೇ ಸೋಪು ಪೂರ್ತಿ ಹೋಗಿಲ್ಲ. ಬೋರ್‌ವೆಲ್‌ನ ಗಡಸು ನೀರಾದರೆ ಇನ್ನೊಂದು ಸಲ ಜಾಲಿಸಿ. ಬಿಸಿಲಿಗೆ ಒಣಹಾಕಿದರೆ ಕಲೆಯೂ ಬಿಡುತ್ತದೆ.

ಅಂಗಡಿಯ ಡೈಪರಿನಲ್ಲಿರುವ ಮಲವನ್ನು ಮೊದಲು ಕಮೋಡಿಗೆ ಹಾಕಿ. ಆಮೇಲೆ ಒಳಮುಖವಾಗಿ ಮಡಿಸಿ, ಅದರದೇ ಅಂಟುಪಟ್ಟಿಯಿಂದ ಬಿಗಿದು, ಹಳೆಯ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಸುತ್ತಿಯೇ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು.

ಒಗೆಯುವವರು ಯಾರು ಎನ್ನುವುದನ್ನು ಮೊದಲು ತೀರ್ಮಾನಿಸಿ. ಅತ್ತೆಯ ಮೇಲೋ ಕೆಲಸಕ್ಕೆ ಬರುವವರ ಮೇಲೋ ಬೀಳುವುದಾದರೆ ಈ ವ್ಯವಸ್ಥೆ ಬೇಡ. ಅವರಿಗೆ ಒಪ್ಪಿಗೆ ಇದ್ದರೆ ಆ ಸಮಯಕ್ಕೆ ಬೇರೆ ಸಂಬಳ ಕೊಡಿ.

ಹೊಂಗೆ ನೆರಳು:

ತೊಟ್ಟಿಲು ಅವರ ಕೊನೆಯ ಮಾತು ಬಯೋ ಎನ್‌ಜೈಮಿಗೂ ಸಲ್ಲುತ್ತದೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಅಂದರೆ 100 ಗ್ರಾಂ ಬೆಲ್ಲಕ್ಕೆ 300 ಗ್ರಾಂ ಕಿತ್ತಳೆ ಅಥವಾ ಮೂಸಂಬಿ ಸಿಪ್ಪೆ, ಒಂದು ಲೀಟರ್ ನೀರು. ಗಾಜಿನ ಬಾಟಲಿ ಬೇಡ, ಗ್ಯಾಸ್ ತುಂಬಿ ಒಡೆಯುತ್ತದೆ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಬೇಕು. ನೆಲ ಒರೆಸಲು ಚೆನ್ನಾಗಿದೆ, ಅಮೃತಶಿಲೆ ಬಿಟ್ಟು, ಏಕೆಂದರೆ ಹುಳಿ ಅದನ್ನು ತಿನ್ನುತ್ತದೆ. ಜಿಡ್ಡಿನ ಬಾಣಲೆಗೆ ಮಾತ್ರ ಅದು ಸಾಲದು. ಪಾತ್ರೆ ತೊಳೆಯುವವರು ಬೇಡ ಅಂದದ್ದು ಸರಿಯಾಗಿಯೇ ಇದೆ, ಒಂದು ಬಾಣಲೆಗೆ ಎರಡು ಪಟ್ಟು ಉಜ್ಜಬೇಕು. ಅವರು ಕೇಳಿದ ಸೋಪನ್ನೇ ತಂದುಕೊಡಿ.

ಮೂರನೇ ಮಹಡಿ:

ಒಪ್ಪಿದೆ, ಸೋಪು ವಾಪಸ್ ಬಂತು. ಕೊನೆಯದಾಗಿ ಒಂದು: ಮಳೆಗಾಲದಲ್ಲಿ ತರಗೆಲೆ ಎಲ್ಲಿಂದ ತರುವುದು?

ಮಣ್ಣಿನ ಕೈ:

ಮಳೆಗಾಲದಲ್ಲಿ ಸಿಕ್ಕುವುದಿಲ್ಲ, ಸಿಕ್ಕರೂ ಒದ್ದೆ. ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನ ಮರಗಳು ಎಲೆ ಉದುರಿಸುವಾಗಲೇ ಕೂಡಿಡಬೇಕು. ಬೀದಿ ಗುಡಿಸುವವರನ್ನು ಕೇಳಿದರೆ ಕೊಡುತ್ತಾರೆ, ಅವರಿಗೆ ಹೊರೆ ಕಡಿಮೆ, ಎಲೆಗೆ ಬೆಂಕಿ ಹಚ್ಚುವುದೂ ತಪ್ಪುತ್ತದೆ. ಹೊಂಗೆ ಎಲೆ ಬೇಗ ಕರಗುತ್ತದೆ. ಮಾವು, ಹಲಸಿನ ಎಲೆ ತಡ. ಬಿಸಿಲಿನಲ್ಲಿ ಎರಡು ದಿನ ಹರಡಿ, ಗೋಣಿಚೀಲಕ್ಕೆ ತುಂಬಿ ಕಾಲಿನಿಂದ ತುಳಿದರೆ ಪುಡಿಯಾಗಿ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗೆ ತುಳಿದು ತುಂಬಿದ ಮೂರು ಚೀಲ ಇದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಜಾಗ ಇಲ್ಲದಿದ್ದರೆ ಐದು ಕೆಜಿಯ ಕೋಕೋಪೀಟ್ ಇಟ್ಟಿಗೆ ತನ್ನಿ, ಆದರೆ ಅದನ್ನು ನೀರಲ್ಲಿ ನೆನೆಸಬೇಡಿ. ಹಳೆಯ ಚಾಕುವಿನಿಂದ ಒಣಗಿದ್ದಂತೆಯೇ ಕೆರೆದು ಪುಡಿ ಮಾಡಿ ಹಾಕಿ.