ಬಾರ್ಡರ್ ಚೆಕಿಂಗ್‌ನಲ್ಲಿ ಡ್ರೈವರ್‌ಗೆ ಏನೇನು ಮಾಡುತ್ತಾರೆ? ಮೊದಲ ಟ್ರಿಪ್, ಸ್ವಲ್ಪ ಭಯ

ಹೊಸ_ಸ್ಟೇರಿಂಗ್:
ಎಂಟು ವರ್ಷ ದೇಶದೊಳಗೇ ಲಾರಿ ಓಡಿಸಿದ್ದೇನೆ. ಈಗ ಗಡಿ ದಾಟುವ ಲೋಡ್ ಸಿಕ್ಕಿದೆ, ಮುಂದಿನ ವಾರ ಹೊರಡಬೇಕು. ಕಂಪನಿಯವರು ಒಂದು ಫೈಲ್ ಕೈಗಿಟ್ಟು "ಕೇಳಿದರೆ ಇದನ್ನು ತೋರಿಸು" ಅಂದರು, ಅಷ್ಟೇ. ಡಬ್ಬಕ್ಕೆ ಸೀಲ್ ಹಾಕಿರುತ್ತಾರಂತೆ, ನಾನು ಬಾಗಿಲು ತೆಗೆದು ನೋಡುವ ಹಾಗಿಲ್ಲ. ನಾನು ನೋಡೇ ಇಲ್ಲದ ಮಾಲಿನಲ್ಲಿ ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಯಾಕೆ ಬರಬೇಕು? ಓಡಿಸಿದವರು ಇದ್ದರೆ ಹೇಳಿ.

ಹಳೇ_ಗೇರ್:
ಬರುತ್ತೆ ಗುರು. ಗಾಡಿ ಪಕ್ಕ ನಿಂತಿರುವವನು ನೀನೊಬ್ಬನೇ ಅಲ್ವಾ. ಕಂಪನಿ ಫೋನಿನಲ್ಲಿರುತ್ತದೆ, ಮಾಲು ತುಂಬಿದವನು ಮನೆಯಲ್ಲಿ ಮಲಗಿರುತ್ತಾನೆ.

ನನ್ನ ಕಥೆ ಕೇಳು. ಸೀಲ್ ಅಂದರೆ ಕಿರುಬೆರಳ ದಪ್ಪದ ಬೋಲ್ಟ್, ಅದರ ಮೇಲೆ ನಂಬರ್ ಇರುತ್ತದೆ. ಆ ಸಲ ಆಫೀಸರ್ ಹೆಬ್ಬೆರಳಿನಿಂದ ಧೂಳು ಒರೆಸಿ ಒಂದೊಂದೇ ಅಂಕಿ ಓದಿದ. ಬೋಲ್ಟ್ ಮೇಲೆ ಕೊನೆಯದು 8, ಕಾಗದದಲ್ಲಿ 3. ಬರೆದವನ ಕೈತಪ್ಪು, ಬೇರೇನೂ ಅಲ್ಲ. ಆದರೂ ಪಕ್ಕದ ಯಾರ್ಡ್‌ಗೆ ಹಾಕಿಸಿ, ಸೀಲ್ ಕತ್ತರಿಸಿ, ಅರ್ಧ ಲೋಡ್ ಕೆಳಗಿಳಿಸಿದರು. ಇಡೀ ರಾತ್ರಿ ಅಲ್ಲೇ. ಸೀಲ್ ಹಾಕಿದ ಕೂಡಲೇ ನಂಬರ್ ಕಾಣುವ ಹಾಗೆ ಫೋಟೋ ತೆಗೆದುಕೊ. ಅವರು ತೆರೆದು ಹೊಸ ಸೀಲ್ ಹಾಕಿದರೆ ಹೊಸ ನಂಬರ್ ಕಾಗದದಲ್ಲಿ ಬರೆಸಿಕೊಳ್ಳದೆ ಅಲ್ಲಿಂದ ಕದಲಬೇಡ, ಇಲ್ಲದಿದ್ದರೆ ಮುಂದಿನ ಗೇಟಿನಲ್ಲಿ ಇದೇ ರಾಮಾಯಣ.

ಕ್ಲಿಯರಿಂಗ್_ಮೇಜು:
ನಾನು ಡ್ರೈವರ್ ಅಲ್ಲ, ಕಾಗದದ ಕಡೆಯವನು. ಟಿಐಆರ್ ಕಾರ್ನೆಟ್ ಇದೆಯಾ ನೋಡಿಕೊಳ್ಳಿ. ಸೀಲ್ ಹಾಕಿದ ಗಾಡಿ ನಡುವಿನ ದೇಶಗಳಲ್ಲಿ ಸುಂಕ ಕಟ್ಟದೆ ದಾಟಿಹೋಗಲು ಇರುವ 1975ರ ಅಂತರರಾಷ್ಟ್ರೀಯ ಒಪ್ಪಂದದ ಪುಸ್ತಕ ಅದು, ಭಾರತ 2017ರಲ್ಲಿ ಸೇರಿತು. ಅದಿದ್ದರೆ ನಡುವಿನ ದೇಶಗಳಲ್ಲಿ ಸಾಮಾನ್ಯವಾಗಿ ಸೀಲ್ ಮತ್ತು ಕಾಗದ ನೋಡಿ ಬಿಡುತ್ತಾರೆ, ಅನುಮಾನ ಬಂದರೆ ಮಾತ್ರ ತೆರೆಯುತ್ತಾರೆ. ಒಳಗೆ ಹೋಗುವಾಗ ಒಂದು ಹಾಳೆ, ಹೊರಗೆ ಬರುವಾಗ ಒಂದು ಹಾಳೆ ಹರಿದುಕೊಳ್ಳುತ್ತಾರೆ. ಹೊರಗೆ ಬರುವಾಗಿನ ಠಸ್ಸೆ ಎಷ್ಟೋ ಜನ ಮರೆಯುತ್ತಾರೆ, ಆಮೇಲೆ ಮಾಲು ಆ ದೇಶದಲ್ಲೇ ಇಳಿಯಿತು ಅಂತ ಸುಂಕದ ನೋಟಿಸ್ ಬರಬಹುದು.

ಇನ್ನೊಂದು, ಮರದ ಪ್ಯಾಲೆಟ್, ಅಂದರೆ ಮಾಲಿನ ಕೆಳಗೆ ಇಡುವ ಹಲಗೆಯ ಚೌಕಟ್ಟು. ಮರದ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಇಲ್ಲವೇ ಔಷಧಿ ಹೊಗೆ ಕೊಟ್ಟಿರಬೇಕು, ಅದರ ಗುರುತನ್ನು ಮರದ ಮೇಲೆ ಒತ್ತಿರುತ್ತಾರೆ. ಹುಳ ಬರಬಾರದು ಅಂತ. ಗುರುತಿಲ್ಲದ ನಾಲ್ಕು ಪ್ಯಾಲೆಟ್‌ಗೆ ಪೂರ್ತಿ ಗಾಡಿ ವಾಪಸ್ ಬಂದಿದ್ದನ್ನು ನೋಡಿದ್ದೇನೆ. ಮಾಲಿನಲ್ಲಿ ಏನೂ ತಪ್ಪಿರಲಿಲ್ಲ.

ನಿದ್ದೆಗೆಟ್ಟವ:
ಎಲ್ಲರೂ ಚೆಕಿಂಗ್ ಬಗ್ಗೆ ಹೇಳುತ್ತೀರಿ. ನನ್ನ ಪ್ರಕಾರ ಚೆಕಿಂಗ್ ಏನೂ ಅಲ್ಲ. ಎಕ್ಸ್‌ರೇ ಗೇಟಿಗೆ ಐದು ನಿಮಿಷ, ನಾಯಿ ಒಂದು ಸುತ್ತು ಮೂಸುತ್ತದೆ. ಫ್ರಾನ್ಸಿನ ಕಲೇ ಬಂದರಿನಲ್ಲಿ ಎದೆಬಡಿತ ಹಿಡಿಯುವ ಯಂತ್ರವೂ ಇದೆ, ಇಂಜಿನ್ ಆಫ್ ಮಾಡಿಸಿ ಒಳಗೆ ಯಾರಾದರೂ ಅಡಗಿದ್ದಾರಾ ಅಂತ ನೋಡುತ್ತಾರೆ. ಅಲ್ಲಿಂದ ಬ್ರಿಟನ್‌ಗೆ ಹೋಗುವವರಿಗೆ ಒಂದು ಮಾತು: ಯಾರಾದರೂ ಸಿಕ್ಕಿದರೆ ದಂಡ ಡ್ರೈವರ್‌ಗೂ ಬೀಳುತ್ತದೆ. ಪ್ರತಿ ಸಲ ಗಾಡಿ ನಿಲ್ಲಿಸಿದಾಗಲೂ ಟಾರ್ಪಾಲ್ ಹಗ್ಗ ನೋಡಿ, ಚೆಕ್‌ಲಿಸ್ಟ್‌ನಲ್ಲಿ ಬರೆದಿಡಿ.

ಪ್ರಾಣ ತೆಗೆಯುವುದು ಕ್ಯೂ. ಎರಡು ಗಾಡಿ ಉದ್ದ ಮುಂದೆ ಹೋಗುತ್ತದೆ, ನಿಲ್ಲುತ್ತದೆ. ಕಣ್ಣು ಮುಚ್ಚಿದರೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬ್ರೇಕ್ ಬೇಕೇ ಬೇಕು, ಆದರೆ ಚಕ್ರ ಉರುಳಿತು ಅಂದರೆ ಟ್ಯಾಕೋಗ್ರಾಫ್ (ಓಡಿಸಿದ ಹೊತ್ತು ದಾಖಲಿಸುವ ಗಾಡಿಯೊಳಗಿನ ಯಂತ್ರ) ಅದನ್ನು ಡ್ರೈವಿಂಗ್ ಅಂತಲೇ ಬರೆದುಕೊಳ್ಳುತ್ತದೆ. ಎಲ್ಲ ಮುಗಿದು ಠಸ್ಸೆ ಸಿಕ್ಕಾಗ ನಿಮ್ಮ ದಿನದ ಗಂಟೆ ಮುಗಿದಿರುತ್ತದೆ, ಅವರು ಮಾತ್ರ ಯಾರ್ಡ್ ಖಾಲಿ ಮಾಡು ಅನ್ನುತ್ತಾರೆ. ಈ ಕಾಯುವಿಕೆಗೆ ನನಗೆ ಯಾರೂ ಒಂದು ಪೈಸೆ ಕೊಟ್ಟಿಲ್ಲ. ಹೊರಡುವ ಮುಂಚೆಯೇ ಕಂಪನಿ ಹತ್ತಿರ ಈ ಮಾತು ಆಡಿಕೊಳ್ಳಿ.

ಹೊಸ_ಸ್ಟೇರಿಂಗ್:
ಎಲ್ಲರಿಗೂ ಥ್ಯಾಂಕ್ಸ್. ಸುಮ್ನೆ ಫೈಲ್ ಬಿಚ್ಚಿ ನೋಡಿದೆ. ಇನ್‌ವಾಯ್ಸ್‌ನಲ್ಲಿ 24 ಪ್ಯಾಲೆಟ್, ಪ್ಯಾಕಿಂಗ್ ಲಿಸ್ಟ್‌ನಲ್ಲಿ 22. ಇದು ದೊಡ್ಡ ವಿಷಯವಾ?

ಹಳೇ_ಗೇರ್:
ಈಗಲೇ ಕಂಪನಿಗೆ ಮೆಸೇಜ್ ಹಾಕು, ಎರಡೂ ಹಾಳೆಯ ಫೋಟೋ ಸಮೇತ. ಫೋನಿನಲ್ಲಿ ಬಾಯಿಮಾತಲ್ಲಿ ಹೇಳಬೇಡ. ಸೀಲ್ ಹಾಕುವ ದಿನ ನೀನೇ ನಿಂತು ಎಣಿಸು.