ಪಂಚಾಯಿತಿ ಬೋರ್ಡಿನ ಮೂರು ಕಾಗದ

ಎಲ್ಲರಿಗೂ ನಮಸ್ಕಾರ. ಬೆರಳಿನಲ್ಲಿ ಒತ್ತಿ ಒತ್ತಿ ಬರೆಯುವುದು ನನ್ನಿಂದ ಆಗಲ್ಲ. ಫೋನಿಗೆ ಬಾಯಲ್ಲಿ ಹೇಳುತ್ತಿದ್ದೇನೆ, ಅದೇ ಅಕ್ಷರ ಮಾಡಿಕೊಳ್ಳುತ್ತಿದೆ. ಉದ್ದ ಆಗುತ್ತದೆ, ಒಲೆ ಮೇಲೆ ಹಾಲಿಟ್ಟಿರುವವರು ಮೊದಲು ಇಳಿಸಿ ಬನ್ನಿ.

ನಿನ್ನೆ ರಾತ್ರಿಯಿಂದ ಗ್ರೂಪಿನಲ್ಲಿ ಆಗಿರುವ ಗಲಾಟೆ ಎಲ್ಲ ಕೇಳಿದೆ. ಪಂಚಾಯಿತಿ ಬೋರ್ಡಿನಲ್ಲಿ ಮೂರು ಕಾಗದ ಅಂಟಿಸಿದ್ದಾರೆ ಅಂತ ಫೋಟೋ ಹಾಕಿದಿರಿ. ಒಂದು, ಕೆರೆ ಮೇಲಿನ 22 ಎಕರೆಗೆ ಮನೆ ಸೈಟುಗಳ ಬಡಾವಣೆ. ಎರಡು, ಮೇನ್ ರೋಡಿನಲ್ಲಿ ಅಂಗಡಿ ಮಳಿಗೆಗಳ ಕಟ್ಟಡ. ಮೂರು, ಗುಡ್ಡದ ಬುಡದಲ್ಲಿ ಕಲ್ಲು ಕ್ವಾರಿ. ದೊಡ್ಡ ಭಾವ ಹೇಳಿದರು, ಮೂರೂ ಬರಲಿ, ಗುಂಟೆ ರೇಟು ಏರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ ಅಂತ. ಚಿಕ್ಕವನು ಹೇಳಿದ, ಮೂರೂ ಬೇಡ, ದೇವನಹಳ್ಳಿ ರೈತರ ಥರ ಟೆಂಟ್ ಹಾಕಿ ಕೂರೋಣ ಅಂತ. ಆಮೇಲೆ ಬರೀ ಹೆಬ್ಬೆರಳು, ಕೈ ಮುಗಿಯುವ ಚಿತ್ರ. ಕಾಗದ ಓದಿದವರು ಯಾರೂ ಇದ್ದ ಹಾಗೆ ಕಾಣಲಿಲ್ಲ.

ಚಿಕ್ಕವನಿಗೆ ಮೊದಲು ಹೇಳುತ್ತೇನೆ. ದೇವನಹಳ್ಳಿಯ ವಿಷಯ ಬೇರೆ ಕಣಪ್ಪಾ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯ 1,777 ಎಕರೆ ಜಮೀನನ್ನು ಸರ್ಕಾರವೇ ಕೈಗಾರಿಕೆಗೆ ಅಂತ ಎತ್ತಿಕೊಳ್ಳಲು ಹೊರಟಿತ್ತು. ಅಲ್ಲಿ ಎದುರಿಗೆ ಇದ್ದದ್ದು ಸರ್ಕಾರ. ಮೂರು ವರ್ಷಕ್ಕೂ ಮೇಲೆ ಕೂತರು, 2025ರ ಜುಲೈನಲ್ಲಿ ಮುಖ್ಯಮಂತ್ರಿಗಳೇ ಕೈಬಿಟ್ಟೆವು ಅಂತ ಹೇಳಿದರು. ನಮ್ಮಲ್ಲಿ ಯಾರೂ ಯಾರ ಜಮೀನನ್ನೂ ಕಿತ್ತುಕೊಳ್ಳುತ್ತಿಲ್ಲ. ನಮ್ಮವರೇ ಮಾರಿದ ಜಮೀನಿನಲ್ಲಿ, ತಗೊಂಡವರು ಅನುಮತಿ ಕೇಳುತ್ತಿದ್ದಾರೆ. ಇಲ್ಲಿ ಟೆಂಟಿಗಿಂತ ಟಪಾಲು ಜಾಸ್ತಿ ಕೆಲಸ ಮಾಡುತ್ತದೆ.

ಮೂರು ಅರ್ಜಿಯನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಮೂರೂ ಬೇರೆ ಬೇರೆ ಮೇಜಿಗೆ ಹೋಗುತ್ತವೆ. 31 ವರ್ಷ ಸರ್ವೆ ಇಲಾಖೆಯಲ್ಲಿ ಚೈನು ಎಳೆದವನು ನಾನು. ಎಷ್ಟೋ ಕಡತ ನೋಡಿದ್ದೇನೆ. ಮೇಜಿನ ಹಿಂದೆ ಕೂತವರಿಗೆ ನಮ್ಮೂರು ಅಂದರೆ ಒಂದು ನಕ್ಷೆ, ನಾಲ್ಕು ಸರ್ವೆ ನಂಬರು, ಅಷ್ಟೇ. ದನ ಹೋಗುವ ದಾರಿ ಯಾವುದು, ಮಳೆ ನೀರು ಎಲ್ಲಿ ಹರಿಯುತ್ತದೆ ಅನ್ನುವುದನ್ನು ಕಾಗದದಲ್ಲಿ ಯಾರೂ ಬರೆಯದಿದ್ದರೆ ಅದು ಇಲ್ಲವೇ ಇಲ್ಲ ಅಂತ ಲೆಕ್ಕ.

ಅಂಗಡಿ ಕಟ್ಟಡದ್ದು ಸುಲಭ, ಮೊದಲು ಅದನ್ನು ಮುಗಿಸುತ್ತೇನೆ. ನನಗೆ ಅದರ ಮೇಲೆ ಏನೂ ಕೋಪ ಇಲ್ಲ. ಒಂದು ಮಾತ್ರೆ ಬೇಕಾದರೂ ಶಿಡ್ಲಘಟ್ಟಕ್ಕೆ ಹೋಗಬೇಕು ಈಗ. ಬರಲಿ. ಗಾಡಿ ನಿಲ್ಲಿಸುವ ಜಾಗ ಅವರ ಜಮೀನಿನ ಒಳಗೇ ಇರಬೇಕು, ಶೌಚಾಲಯದ ನೀರು ರಸ್ತೆ ಚರಂಡಿಗೆ ಬರಬಾರದು. ಈ ಎರಡು ಮಾತು ಬರೆದು ಪಂಚಾಯಿತಿಗೆ ಕೊಡಿ, ಸಾಕು.

ಬಡಾವಣೆಗೆ ಬರೋಣ. 22 ಎಕರೆ ಅಂದರೆ ಸಣ್ಣದಲ್ಲ. ಮೊದಲು ಆ ಜಮೀನು ಕೃಷಿಯಿಂದ ವಸತಿಗೆ ಬದಲಾಗಬೇಕು. ನಮ್ಮೂರು ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆ, ಆ ಜಾಗ ಮಾಸ್ಟರ್ ಪ್ಲಾನಿನಲ್ಲಿ ಹಸಿರು ಬಣ್ಣದಲ್ಲಿದೆ, ಅಂದರೆ ಕೃಷಿಗೆ ಅಂತ ಇಟ್ಟದ್ದು. ಹಾಗಿದ್ದರೆ ಭೂ ಬಳಕೆ ಬದಲಾವಣೆ ಆಗಬೇಕು, ಅದಕ್ಕೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳುತ್ತಾರೆ. ಬೋರ್ಡಿನಲ್ಲಿರುವುದು ಅದರದೇ ಪ್ರತಿ. ಎಷ್ಟು ದಿನ ಅಂತ ಅದರಲ್ಲೇ ಇರುತ್ತದೆ, ಫೋಟೋದಲ್ಲಿ ಆ ಸಾಲಿನ ಮೇಲೆ ಯಾರದೋ ಹೆಬ್ಬೆಟ್ಟು ಬಂದಿದೆ, ಇನ್ನೊಂದು ಸಲ ತೆಗೆದು ಹಾಕಿ. ಆಮೇಲೆ ಕನ್ವರ್ಷನ್, ಅದು ಭೂ ಕಂದಾಯ ಕಾಯ್ದೆ 95ನೇ ಕಲಮಿನಲ್ಲಿ ಬರುವುದು. ಈಗ ಎಲ್ಲ ಆನ್‌ಲೈನ್. ಅಫಿಡವಿಟ್ ಹಾಕಿ ಅರ್ಜಿ ಕೊಡುತ್ತಾರೆ, ಅದರಲ್ಲಿ ಸುಳ್ಳಿದ್ದರೆ ಕನ್ವರ್ಷನ್ ರದ್ದು ಆಗಬಹುದು. ಅದೆಲ್ಲ ಆದ ಮೇಲೆ ಬಡಾವಣೆ ನಕ್ಷೆಗೆ ಮಂಜೂರಾತಿ. ಅಷ್ಟಾಗುವವರೆಗೆ, ರೇರಾ ಅನ್ನುವ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆಗುವವರೆಗೆ, ಜಾಹೀರಾತು ಕೊಡುವಂತಿಲ್ಲ, ಮುಂಗಡ ತಗೊಳ್ಳುವಂತಿಲ್ಲ. ಆದರೆ ನಮ್ಮ ಗ್ರೂಪಿನಲ್ಲೇ ಇಬ್ಬರು ಮುಂಗಡ ಕೊಟ್ಟು ಕೂತಿದ್ದಾರೆ. ಹೆಸರು ಹೇಳಲ್ಲ. ಅವರಿಗೇ ಗೊತ್ತು.

ನಾನು ಬಡಾವಣೆ ಬೇಡ ಅನ್ನುತ್ತಿಲ್ಲ. ನಮ್ಮ ಮಕ್ಕಳಿಗೂ ಮನೆ ಬೇಕಲ್ವಾ? ನನ್ನ ತಕರಾರು ಒಂದೇ, ಕಾಲುವೆ. ಗುಡ್ಡದಿಂದ ಬರುವ ನೀರು ಆ 22 ಎಕರೆಯ ಮಧ್ಯದಲ್ಲಿ ಹಾದು ಕೆರೆ ಸೇರುತ್ತದೆ. ಹಳೇ ಗ್ರಾಮ ನಕಾಶೆಯಲ್ಲಿ ಎರಡು ಗೆರೆ ಎಳೆದು ತೋರಿಸಿದ್ದಾರೆ, ಆಕಾರ್ ಬಂದ್‌ನಲ್ಲಿ, ಅಂದರೆ ಸರ್ವೆ ನಂಬರುಗಳ ವಿಸ್ತೀರ್ಣ ಬರೆದ ದಾಖಲೆಯಲ್ಲಿ, ಬಿ ಖರಾಬು ಅಂತ ಗುಂಟೆ ಲೆಕ್ಕ ಇದೆ. ಖರಾಬಿನಲ್ಲಿ ಎ ಬೇರೆ, ಬಿ ಬೇರೆ. ಎ ಖರಾಬು ಬಂಡೆ, ಕೊರಕಲು, ಕಣ, ಉಳಲು ಬರದ ಜಾಗ, ಅದು ಜಮೀನಿನ ಜೊತೆಗೇ ಹೋಗುತ್ತದೆ. ಬಿ ಖರಾಬು ದಾರಿ, ಹಳ್ಳ, ಸ್ಮಶಾನ, ಎಲ್ಲರಿಗೂ ಸೇರಿದ್ದು. ಜಮೀನು ಮಾರಿದವರಿಗೆ ಅದನ್ನು ಮಾರುವ ಹಕ್ಕೇ ಇರಲಿಲ್ಲ. ಬಣ್ಣದ ಕರಪತ್ರ ಹಾಕಿದ್ದೀರಲ್ಲ, ನಂದಿ ಬೆಟ್ಟದ ನೋಟ, ಈಜುಕೊಳ ಅಂತ? ದೊಡ್ಡದು ಮಾಡಿ ನೋಡಿ. ಕಾಲುವೆ ಇರಬೇಕಾದ ಜಾಗದಲ್ಲಿ 30 ಅಡಿ ರಸ್ತೆ ಇದೆ. ಈಜುಕೊಳಕ್ಕೆ ನೀರು ಬೇಕು, ಕೆರೆಗೆ ಬೇಡವೇನೋ.

ಇದರಲ್ಲಿ ನನ್ನ ಮೂರ್ಖತನವನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಬೆಂಗಳೂರಿನಲ್ಲಿ ನಾನು ಸೈಟು ತಗೊಂಡಾಗ ಏನೂ ನೋಡಲಿಲ್ಲ. ಊರವರ ಜಮೀನೆಲ್ಲ ಅಳೆದವನು ನನ್ನ ಬೆನ್ನ ಹಿಂದಿನ ಹಳ್ಳವನ್ನೇ ಅಳೆಯಲಿಲ್ಲ. ಬಡಾವಣೆ ಮಾಡಿದವರು ಅದನ್ನು ಮುಚ್ಚಿ, ಮೇಲೆ ಹೂವಿನ ಗಿಡ ಹಾಕಿ, ಪಾರ್ಕ್ ಅಂತ ತೋರಿಸಿದ್ದರು. ಮೊದಲನೇ ದೊಡ್ಡ ಮಳೆಗೆ ಅಡುಗೆ ಮನೆಯಲ್ಲಿ ಮೊಣಕಾಲುದ್ದ ನೀರು, ಗ್ಯಾಸ್ ಸಿಲಿಂಡರ್ ತೇಲುತ್ತಿತ್ತು. ನಿಮ್ಮ ಅತ್ತೆ ಇವತ್ತಿಗೂ ಮೋಡ ಕಂಡರೆ ನನ್ನ ಮುಖ ನೋಡುತ್ತಾಳೆ. ಹಾಗಾಗಿ ದಯವಿಟ್ಟು, ಭೂ ದಾಖಲೆಗಳ ವೆಬ್‌ಸೈಟಿನಲ್ಲಿ ಗ್ರಾಮ ನಕಾಶೆ ಸಿಗುತ್ತದೆ, ಇಳಿಸಿಕೊಳ್ಳಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ತೋರಿಸುತ್ತದೆ. ಹುಡುಗರು ರೀಲ್ಸ್ ನೋಡುವ ಹೊತ್ತಿನಲ್ಲಿ ಅರ್ಧ ಗಂಟೆ ಕೊಟ್ಟರೆ ಆಯಿತು. ಆಕ್ಷೇಪಣೆಯಲ್ಲಿ ಬಡಾವಣೆಗೆ ವಿರೋಧ ಅಂತ ಬರೆಯಬೇಡಿ. ಇಂಥ ಸರ್ವೆ ನಂಬರಿನ ಇಷ್ಟು ಗುಂಟೆ ಬಿ ಖರಾಬು ಕಾಲುವೆಯನ್ನು ನಕ್ಷೆಯಲ್ಲಿ ರಸ್ತೆ ಅಂತ ತೋರಿಸಿದ್ದಾರೆ, ಕಾಲುವೆಯನ್ನು ಕಾಲುವೆಯಾಗಿಯೇ ಉಳಿಸಿ, ಪಕ್ಕದಲ್ಲಿ ಜಾಗ ಬಿಡಿಸಿ ನಕ್ಷೆ ಮಾಡಿಸಿ, ಅಂತ ಬರೆಯಿರಿ. ಅಧಿಕಾರಿ ಅದನ್ನು ತಳ್ಳಿ ಹಾಕಲು ಕಷ್ಟ. ವಿರೋಧ ಅಂತ ಬರೆದರೆ ತಳ್ಳುವುದು ಬಹಳ ಸುಲಭ.

ಈಗ ಕ್ವಾರಿ. ಇದಕ್ಕೆ ಮಾತ್ರ ನಾನು ಖಂಡಿತ ಬೇಡ ಅನ್ನುವವನು.

ಭಾವ ಕೇಳಿದರು, ನೀನು ಮನೆ ಕಟ್ಟುವಾಗ ಜಲ್ಲಿ ಎಲ್ಲಿಂದ ತಂದೆ ಅಂತ. ಸರಿಯಾದ ಪ್ರಶ್ನೆ. ಯಾವುದೋ ಊರಿನ ಗುಡ್ಡದಿಂದಲೇ ತಂದೆ. ಹೊಳೆ ಮರಳು ಸಿಗದೆ ಎಂ-ಸ್ಯಾಂಡಿನಲ್ಲೇ ಗಾರೆ ಮಾಡಿಸಿದೆ, ಅದೂ ಕಲ್ಲೇ. ಕಲ್ಲು ಒಡೆಯಲೇಬಾರದು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ನನ್ನ ಮಾತು ಈ ಜಾಗದ ಬಗ್ಗೆ. ಗುಡ್ಡದ ಬುಡದಿಂದ ಹಿಪ್ಪುನೇರಳೆ ತೋಟ ಎಷ್ಟು ದೂರ? ನಾನು ಹೆಜ್ಜೆ ಹಾಕಿದ್ದೇನೆ, 150 ಮೀಟರ್ ಇಲ್ಲ. ಧೂಳು ಕೂತ ಸೊಪ್ಪನ್ನು ರೇಷ್ಮೆ ಹುಳು ಮುಟ್ಟುವುದಿಲ್ಲ, ಮುಟ್ಟಿದರೆ ರೋಗ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೇ ಸಲ ಪೊರೆ ಬಿಟ್ಟ ಹುಳಕ್ಕೆ ಹಗಲೂ ರಾತ್ರಿ ಸೊಪ್ಪು ಬೇಕು, ಆ ಹೊತ್ತಿನಲ್ಲಿ ಸೊಪ್ಪು ತೊಳೆದು ಒಣಗಿಸಿ ಹಾಕುತ್ತೀರಾ? ಊರಿನ ಅರ್ಧ ಮನೆಗೆ ಮದುವೆ, ಫೀಸು, ಔಷಧಿ ಎಲ್ಲ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ದುಡ್ಡಿನಲ್ಲೇ ನಡೆಯುವುದು. ಕ್ವಾರಿಯಲ್ಲಿ ಹತ್ತು ಹುಡುಗರಿಗೆ ಕೆಲಸ ಸಿಗಬಹುದು. ಹುಳುಮನೆ ಎಷ್ಟು ಜನಕ್ಕೆ ಕೆಲಸ ಕೊಟ್ಟಿದೆ ಅಂತ ಭಾವನೇ ಎಣಿಸಲಿ.

ಇನ್ನೊಂದು, ಸ್ಫೋಟ. ಹಿರೇನಾಗವಲ್ಲಿ ನಮಗೆ ದೂರದ ಊರಲ್ಲ. 2021ರ ಫೆಬ್ರವರಿಯಲ್ಲಿ ಅಲ್ಲಿ ಕಲ್ಲು ಸಿಡಿಸುವ ಜಿಲೆಟಿನ್ ಸಿಡಿದು 6 ಜನ ಹೋದರು. ಅದಕ್ಕೆ ಒಂದು ತಿಂಗಳ ಹಿಂದೆ ಶಿವಮೊಗ್ಗದ ಹುಣಸೋಡಿನಲ್ಲಿ ಸಿಡಿದಾಗ ಸುತ್ತಲಿನ ಜಿಲ್ಲೆಯವರು ಭೂಕಂಪ ಅಂತ ಮನೆ ಬಿಟ್ಟು ಹೊರಗೆ ಓಡಿ ಬಂದಿದ್ದರು. ಕೆಆರ್‌ಎಸ್ ಅಣೆಕಟ್ಟೆ ಸುತ್ತ 20 ಕಿಲೋಮೀಟರಿನಲ್ಲಿ ಗಣಿ ಕೆಲಸ ನಿಲ್ಲಿಸಿ ಅಂತ ಹೈಕೋರ್ಟು 2024ರ ಜನವರಿಯಲ್ಲಿ ಹೇಳಿತು. ನಮ್ಮ ಕೆರೆ ಕಟ್ಟೆ ಕೆಆರ್‌ಎಸ್ ಅಲ್ಲ, ಗೊತ್ತು. ಆದರೂ ಮಣ್ಣಿನ ಕಟ್ಟೆ, ತೂಬಿನ ಹತ್ತಿರ ಆಗಲೇ ಜಿನುಗುತ್ತಿದೆ.

ಈಗ ಗಮನ ಕೊಟ್ಟು ಕೇಳಿ, ಇಲ್ಲೇ ಆಟ ಇರುವುದು. ಬೋರ್ಡಿನಲ್ಲಿ ಕ್ವಾರಿ ಕಾಗದ ಒಂದೇ ಅಲ್ಲ, ಹಿಂದಿನ ಪುಟದಲ್ಲಿ ಇನ್ನೂ ಎರಡು ಅರ್ಜಿ ನಂಬರು ಇವೆ, ನೀವು ಅದನ್ನು ತಿರುಗಿಸಿಯೇ ನೋಡಿಲ್ಲ. ನನಗೆ ಪಂಚಾಯಿತಿ ಕಾರ್ಯದರ್ಶಿ ಕಳಿಸಿದರು. ಒಂದು 4 ಎಕರೆ 20 ಗುಂಟೆ, ಇನ್ನೊಂದು 4 ಎಕರೆ 35, ಮತ್ತೊಂದು 4 ಎಕರೆ. ಮೂರು ಹೆಸರು, ಮೂರೂ ಅಕ್ಕಪಕ್ಕ. ಯಾಕೆ ಹಾಗೆ? 5 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪರಿಸರ ಅನುಮತಿಗೆ ದಾರಿ ಸಲೀಸು, ಸಾರ್ವಜನಿಕರ ಅಹವಾಲು ಸಭೆ ಬೇಕಿಲ್ಲ. 5 ಹೆಕ್ಟೇರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 12 ಎಕರೆ 14 ಗುಂಟೆ. ಒಬ್ಬೊಬ್ಬರದು ಅದಕ್ಕಿಂತ ಎಷ್ಟೋ ಕಡಿಮೆ. ಮೂರೂ ಕೂಡಿಸಿ, 13 ಎಕರೆ 15 ಗುಂಟೆ. ಒಂದು ಕ್ವಾರಿ ಗಡಿಯಿಂದ ಇನ್ನೊಂದರ ಗಡಿ 500 ಮೀಟರಿನ ಒಳಗಿದ್ದರೆ ಅದನ್ನು ಕ್ಲಸ್ಟರ್ ಅಂತ ಒಟ್ಟಿಗೆ ಲೆಕ್ಕ ಹಾಕಬೇಕು, ಒಟ್ಟು 5 ಹೆಕ್ಟೇರ್ ದಾಟಿದರೆ ಸಭೆ ಮಾಡಬೇಕು. ಬೇರೆ ಬೇರೆ ಕಡತದಲ್ಲಿ ಬೇರೆ ಬೇರೆ ದಿನ ಹೋದರೆ ಯಾರೂ ಕೂಡಿಸುವುದಿಲ್ಲ. ನಾವೇ ಕೂಡಿಸಿ ತೋರಿಸಬೇಕು, ನಕ್ಷೆಯ ಮೇಲೆ ಗೆರೆ ಎಳೆದು, ಗಣಿ ಇಲಾಖೆಗೆ ಒಂದು, ಡಿಸಿಗೆ ಒಂದು, ಪರಿಸರ ಅನುಮತಿ ಕೊಡುವ ರಾಜ್ಯದ ಪ್ರಾಧಿಕಾರಕ್ಕೆ ಒಂದು.

ಸಭೆ ಆಗುತ್ತದೆ ಅಂದುಕೊಳ್ಳಿ. ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ, ಡಿಸಿ ಅಥವಾ ಅವರ ಪರವಾಗಿ ಬಂದವರು ಮುಂದೆ ಕೂರುತ್ತಾರೆ. 30 ದಿನ ಮುಂಚೆ ಪೇಪರಿನಲ್ಲಿ ತಿಳಿಸಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಪೂರ್ತಿ ವಿಡಿಯೋ ಮಾಡಬೇಕು, ಕೊನೆಗೆ ಯಾರು ಏನು ಹೇಳಿದರು ಅಂತ ಬರೆದದ್ದನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಆದರೆ ಇಷ್ಟೇ ಜನ ಬರಬೇಕು ಅಂತ ನಿಯಮ ಇಲ್ಲ. ಅಂದರೆ ನೀವೆಲ್ಲ ಅವತ್ತು ಗೂಡು ಬಿಡಿಸುತ್ತಾ ಮನೆಯಲ್ಲಿ ಕೂತರೂ ಸಭೆ ಆಯಿತು ಅಂತಲೇ ಬರೆಯುತ್ತಾರೆ.

ಮಹಜರು, ಅಂದರೆ ಅಧಿಕಾರಿಗಳು ಜಾಗ ನೋಡಿ ಸಾಕ್ಷಿಗಳ ಸಹಿ ತಗೊಂಡು ಬರೆಯುವ ವರದಿ, ಅದರ ಬಗ್ಗೆ ಒಂದು ಮಾತು. ಊರಿಗೆ ಬರುತ್ತಾರೆ, ಅರಳಿ ಕಟ್ಟೆಯಲ್ಲಿ ಕೂತು ಕಾಫಿ ತರಿಸುತ್ತಾರೆ, ಖಾಲಿ ಹಾಳೆ ಮುಂದೆ ಇಟ್ಟು, ಸುಮ್ನೆ ಒಂದು ಸಹಿ ಹಾಕಿ, ನಾವು ಬಂದಿದ್ದೆವು ಅಂತ ಸಾಕ್ಷಿಗೆ, ಅನ್ನುತ್ತಾರೆ. ಆಮೇಲೆ ಅದರ ಮೇಲೆ ‘ಸದರಿ ಜಾಗದ ಸುತ್ತ ಮನೆ, ತೋಟ, ಜಲಮೂಲ ಇರುವುದಿಲ್ಲ, ಗ್ರಾಮಸ್ಥರ ತಕರಾರು ಇರುವುದಿಲ್ಲ’ ಅಂತ ಬರುತ್ತದೆ. ಇಂಥ ಹಾಳೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಬರೆದದ್ದನ್ನು ಓದಿಸಿ, ಫೋಟೋ ತೆಗೆದುಕೊಂಡು, ಆಮೇಲೆ ಸಹಿ. ಅಜ್ಜಿಯರಿಗೂ ಹೇಳಿ, ಹೆಬ್ಬೆಟ್ಟು ಒತ್ತುವ ಮುಂಚೆ ಮೊಮ್ಮಕ್ಕಳನ್ನು ಕರೆಯಲಿ.

ಪಂಚಾಯಿತಿಯಲ್ಲಿ ನಿರ್ಣಯ ಮಾಡಿಬಿಟ್ಟರೆ ಕ್ವಾರಿ ನಿಂತು ಹೋಗುತ್ತದೆ ಅಂತ ಯಾರೋ ಹಾಕಿದ್ದರು. ಇಲ್ಲ. ಗುತ್ತಿಗೆ ಕೊಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಆದರೂ ಗ್ರಾಮ ಸಭೆ ಕರೆಸಿ ನಿರ್ಣಯ ಬರೆಸಿ, ಮುಂದೆ ಕೋರ್ಟಿಗೆ ಹೋದರೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಕ್ವಾರಿಯ ಮೂರು ಅರ್ಜಿಯ ನಕ್ಷೆ, ಜಂಟಿ ಪರಿಶೀಲನೆ ವರದಿ ಇವೆಲ್ಲ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಚಿಕ್ಕವನು ಬರೆದರೆ ಮುನ್ನುಡಿಯೇ 150 ದಾಟುತ್ತದೆ, ಅವನ ಅಕ್ಕ ಬರೆಯಲಿ.

ಬೋರ್‌ವೆಲ್ ಎಲ್ಲ ಬತ್ತುತ್ತದೆ ಅಂತ ಬರೆಯಬೇಡಿ, ಸಾಬೀತು ಮಾಡಿ ಅನ್ನುತ್ತಾರೆ. ಯಾರ ಬೋರು, ಎಷ್ಟು ಅಡಿ, ಕ್ವಾರಿ ಗಡಿಯಿಂದ ಎಷ್ಟು ಮೀಟರು ಅಂತ ಪಟ್ಟಿ ಮಾಡಿ. ನಮ್ಮದು 1,200 ಅಡಿ, ಮೊದಲ ಸಾಲಿಗೆ ಅದೇ ಇರಲಿ. ಗುಡ್ಡದ ಕಡೆ ಮನೆಯವರು ಗೋಡೆಗಳ ಫೋಟೋ ಈಗಲೇ ತೆಗೆದಿಡಿ, ಬಿರುಕು ಹಳೆಯದು ಅಂತ ನಾಳೆ ವಾದ ಬರುತ್ತದೆ.

ಭಾವ, ನಿಮಗೆ ಬೇಜಾರಾಗಿದ್ದರೆ ಫೋನ್ ಮಾಡಿ, ಗ್ರೂಪಿನಲ್ಲಿ ಬೇಡ. ನಿಮ್ಮ ಎರಡು ಎಕರೆ ಕ್ವಾರಿ ರಸ್ತೆಗೆ ಅಂಟಿಕೊಂಡಿದೆ, ಅದರ ಆಸೆ ನನಗೂ ಅರ್ಥ ಆಗುತ್ತದೆ. ಆದರೆ ಆ ರಸ್ತೆ 12 ಅಡಿ. ಟಿಪ್ಪರ್ ಬಂದರೆ ಸ್ಕೂಲಿಗೆ ಹೋಗುವ ಮಕ್ಕಳು ಬೇಲಿ ಹತ್ತಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಳೇ ಟೇಪು, ಗ್ರಾಮ ನಕಾಶೆಯ ದೊಡ್ಡ ಪ್ರತಿ ತರುತ್ತೇನೆ. ಬಿಸಿಲು ಏರುವ ಮುಂಚೆ ಕಾಲುವೆ ಗುಂಟ ನಡೆಯೋಣ, ಕುಡುಗೋಲು ಇರಲಿ, ಲಂಟಾನ ಜಾಸ್ತಿ ಬೆಳೆದಿದೆ. ಅತ್ತಿಗೆ, ಅವರೆಕಾಳು ಇದ್ದರೆ ಸಾರು ಮಾಡಿ, ಇಲ್ಲದಿದ್ದರೆ ಏನಿದೆಯೋ ಅದೇ ಸಾಕು. ಆ ಹೆಬ್ಬೆಟ್ಟಿಲ್ಲದ ಫೋಟೋ ಮಾತ್ರ ಇವತ್ತೇ ಕಳಿಸಿ, ಕೊನೇ ದಿನ ಯಾವುದು ಅಂತ ನೋಡಬೇಕು.