ಹೊರದೇಶದಲ್ಲಿ ಬೆಳೆಯುವ ಕೊಡಗಿನ ಮಕ್ಕಳ ಉಚ್ಚಾರಣೆ: ಯಾವುದಕ್ಕೆ ಚಿಂತಿಸಬೇಕು, ಯಾವುದಕ್ಕೆ ಬೇಡ

ಕೊಡಗಿನವರು ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಸಾಕು, ಮನೆಮಾತು ಕೊಡವ ತಕ್ಕೋ (ಕೊಡವರ ಭಾಷೆ), ಅರೆಭಾಷೆಯೋ (ಅಲ್ಲಿನ ಗೌಡರ ಕನ್ನಡ), ಮಲಯಾಳವೋ, ಶನಿವಾರಸಂತೆ ಕಡೆಯ ಕನ್ನಡವೋ ಎಂಬುದು ಊರಿನವರಿಗೆ ಹೆಚ್ಚುಕಮ್ಮಿ ತಿಳಿದುಬಿಡುತ್ತದೆ. ಇದು ರಕ್ತದಲ್ಲಿ ಬರುವುದಲ್ಲ. ಮೊದಲ ಐದಾರು ವರ್ಷ ಕಿವಿಗೆ ಯಾರ ಮಾತು ಬಿತ್ತೋ ಅದು ನಾಲಿಗೆಗೆ ಬರುತ್ತದೆ. ದುಬೈನಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆಯುವ ನಮ್ಮ ಮಕ್ಕಳಿಗೂ ಅದೇ ಲೆಕ್ಕ.

ಇಂಗ್ಲಿಷಿನ ವಿಷಯ ಮೊದಲು ಮುಗಿಸೋಣ. ನಮ್ಮ ಇಂಗ್ಲಿಷ್ ಧಾಟಿ ಮಗುವಿಗೆ ಅಂಟುತ್ತದೆ ಎಂದು ಹೆದರಿ ಮನೆಮಾತನ್ನೇ ಬಿಟ್ಟವರು ಬಹಳ ಜನ. ಆ ಹೆದರಿಕೆಗೆ ಆಧಾರವಿಲ್ಲ. ಶಾಲೆಗೆ ಹೋಗತೊಡಗಿದ ಮಗು ಇಂಗ್ಲಿಷ್ ಧಾಟಿಯನ್ನು ಜೊತೆಯ ಮಕ್ಕಳಿಂದಲೇ ಕಲಿಯುತ್ತದೆ, ಅಪ್ಪ ಅಮ್ಮನಿಂದಲ್ಲ. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಎನ್ನುವುದೂ ಸುಳ್ಳು. ನಮ್ಮ ಕೈಯಲ್ಲಿರುವುದು ಮನೆಮಾತೊಂದೇ, ಅದನ್ನು ನಾವು ಬಿಟ್ಟರೆ ಅಲ್ಲಿ ಕಲಿಸುವವರು ಬೇರೆ ಯಾರೂ ಇಲ್ಲ.

ಅದಕ್ಕೆ ಗಡುವೂ ಇದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿ ಪರೀಕ್ಷಿಸಿದರು. 6ರಿಂದ 8 ತಿಂಗಳ ಕೂಸುಗಳಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು, 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಗೊತ್ತಾಗುತ್ತಿರಲಿಲ್ಲ. ಹಾಗಂತ ವರ್ಷ ತುಂಬಿದ ಮೇಲೆ ಬಾಗಿಲು ಮುಚ್ಚಿತು ಎಂದಲ್ಲ. ಚಿಕ್ಕಂದಿನಲ್ಲಿ ಸ್ಪ್ಯಾನಿಷ್ ಮಾತು ಬರೀ ಕಿವಿಗೆ ಬಿದ್ದು, ತಾವು ಆಡದೆ ಬೆಳೆದ ಅಮೆರಿಕದ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಅದನ್ನು ಕಲಿತಾಗ, ಹೊಸದಾಗಿ ಕಲಿತವರಿಗಿಂತ ಅವರ ಉಚ್ಚಾರ ಚೆನ್ನಾಗಿತ್ತು ಎಂದು 2002ರ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಮಗು ಇಂಗ್ಲಿಷಿನಲ್ಲೇ ಉತ್ತರಿಸಿದರೂ ನೀವು ನಿಮ್ಮ ಮಾತನ್ನೇ ಮುಂದುವರಿಸಿ.

ಕೊಡವ ತಕ್ಕ್ ಮನೆಗಳವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಅದರಲ್ಲಿ ನಾಲಿಗೆಯ ನಡುಭಾಗದಿಂದ ಹೊರಡುವ ಸ್ವರಗಳಿವೆ, ಕನ್ನಡ ಲಿಪಿಯಲ್ಲಿ ಅವಕ್ಕೆ ಅಕ್ಷರವಿಲ್ಲ. ‘ತಕ್ಕ್’, ‘ಕೈಲ್‌ಪೊಳ್ದ್’ (ಹಬ್ಬದ ಹೆಸರು) ಎಂದು ಅರ್ಧಾಕ್ಷರದಲ್ಲಿ ನಿಲ್ಲಿಸಿ ಬರೆಯುತ್ತೇವೆ. ಆದರೆ ಬಾಯಲ್ಲಿ ಕೊನೆಗೆ ಅತ್ತ ‘ಉ’ ಅಲ್ಲದ, ಇತ್ತ ‘ಇ’ ಅಲ್ಲದ ಸಣ್ಣ ಸ್ವರವೊಂದು ಉಳಿಯುತ್ತದೆ. ಪುಸ್ತಕ ನೋಡಿ ಕಲಿತ ಮಗು ಅದನ್ನು ಕತ್ತರಿಸಿಬಿಡುತ್ತದೆ ಅಥವಾ ‘ತಕ್ಕು’ ಎನ್ನುತ್ತದೆ. ಇದು ಕಿವಿಯಿಂದ ಮಾತ್ರ ಬರುವ ವಿದ್ಯೆ. 2011ರ ಜನಗಣತಿಯಲ್ಲಿ ಈ ಮಾತನ್ನಾಡುವವರು ಸುಮಾರು 1.14 ಲಕ್ಷ, ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲೂ ಇದಿದೆ. ಮಗುವಿಗೆ ‘ಶುದ್ಧ ಕನ್ನಡ’ ಬರಲಿ ಎಂದು ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಬಿಟ್ಟು, ನಿಮಗೇ ರೂಢಿಯಿಲ್ಲದ ಪುಸ್ತಕದ ಕನ್ನಡ ಆಡಬೇಡಿ. ‘ಏನು’ ಬದಲು ‘ಎಂತ’ ಅಂದರೆ ತಪ್ಪೇನೂ ಅಲ್ಲ, ಅದು ನಮ್ಮ ಊರಿನ ಗುರುತು.

ಕೆಡುವ ಜಾಗಗಳು ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಒಂದೇ. ಳ ಹೋಗಿ ಲ ಆಗುತ್ತದೆ, ಣ ಹೋಗಿ ನ. ಇಂಗ್ಲಿಷಿನ ಟಿ ಮತ್ತು ಡಿ ಹಲ್ಲಿನ ಹಿಂದಿನ ವಸಡಿನ ಉಬ್ಬಿಗೆ ತಾಗುವ ಧ್ವನಿಗಳು. ನಮ್ಮ ತ, ದ ಹಲ್ಲಿಗೇ ತಾಗುತ್ತವೆ, ಟ, ಡ ಇನ್ನೂ ಹಿಂದೆ, ನಾಲಿಗೆ ಮಡಿಸಿ. ಮಗು ಎರಡಕ್ಕೂ ನಡುವಿನ ಜಾಗವನ್ನೇ ಬಳಸುವುದರಿಂದ ‘ತಾತ’ ಅರ್ಧ ‘ಟಾಟ’ ಆಗುತ್ತದೆ. ಒತ್ತಕ್ಷರ ಸಡಿಲವಾಗಿ ಕತ್ತೆ ಕತೆಯಾಗುತ್ತದೆ. ‘ಮೇಲೆ’ ಎನ್ನುವಾಗ ಏಕಾರ ಜಾರಿ ‘ಮೇಯ್ಲೆ’ ಆಗುತ್ತದೆ. ಮಹಾಪ್ರಾಣದ ಚಿಂತೆ ಬೇಡ, ಊರಿನ ಆಡುಮಾತಿನಲ್ಲೇ ಅದು ಅಷ್ಟಾಗಿ ಇಲ್ಲ. ಆದರೆ ‘ಪಾಪ’ ಎಂದಾಗ ಉಸಿರು ನುಗ್ಗುತ್ತಿದ್ದರೆ ಅದು ಇಂಗ್ಲಿಷಿನ ಅಭ್ಯಾಸ. ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದು, ಅದು ಹಾರದಂತೆ ‘ಪಾಪ’ ಹೇಳಿಸಿ.

ಬಾಯಿಗಿಂತ ಮೊದಲು ಕಿವಿ ತಿದ್ದಬೇಕು. ಹುಲಿ–ಹುಳಿ, ಹಲ್ಲಿ–ಹಳ್ಳಿ, ಬಲೆ–ಬಳೆ, ಕಾಲು–ಕಾಳು, ಕತೆ–ಕತ್ತೆ, ಹೀಗೆ ಐದು ಜೋಡಿಗೆ ಚಿತ್ರ ಬರೆದಿಡಿ. ನೀವು ಹೇಳಿ, ಮಗು ಬೆರಳಿಟ್ಟು ತೋರಿಸಲಿ. ಹತ್ತರಲ್ಲಿ ಎಂಟು ಸರಿ ಬರುವವರೆಗೆ ಮಗುವಿನಿಂದ ಹೇಳಿಸಬೇಡಿ. ಕಿವಿಗೆ ಬೇರೆ ಎನಿಸದ್ದನ್ನು ನಾಲಿಗೆ ಬೇರೆ ಮಾಡಲಾರದು. ಆಮೇಲೆ ಪಾತ್ರ ಬದಲಿಸಿ: ಮಗು ಹೇಳಲಿ, ನೀವು ಕೇಳಿಸಿದ್ದನ್ನೇ ತೋರಿಸಿ. ಹುಳಿ ಬೇಕಾದಾಗ ಹುಲಿ ಸಿಕ್ಕರೆ ಅದೇ ತಿದ್ದಿಕೊಳ್ಳುತ್ತದೆ. ದಿನಕ್ಕೆ ಐದು ನಿಮಿಷ ಸಾಕು. ಳ ಬಾರದಿದ್ದರೆ ಕನ್ನಡಿ ಮುಂದೆ ಬಾಯಿ ತೆರೆದು, ನಾಲಿಗೆಯ ತುದಿಯನ್ನು ವಸಡಿನ ಉಬ್ಬು ದಾಟಿಸಿ ಅಂಗುಳಕ್ಕೆ ಮುಟ್ಟಿಸಿ ‘ಅಳ’ ಹೇಳಿಸಿ. ರ ಕೊಡಿಸಲು ಅಮೆರಿಕದ ಮಕ್ಕಳಿಗೆ ಸುಲಭದ ದಾರಿಯೊಂದಿದೆ: ಅವರು ‘ವಾಟರ್’ ಎನ್ನುವಾಗ ನಡುವೆ ಬರುವ ಧ್ವನಿ ನಮ್ಮ ರಕಾರಕ್ಕೆ ತೀರಾ ಹತ್ತಿರ. ಅದನ್ನು ಹಿಡಿದು ‘ಮರ’ಕ್ಕೆ ತನ್ನಿ. ಬ್ರಿಟನ್ನಿನಲ್ಲಿ ಬೆಳೆಯುವವರಿಗೆ ಇದು ನಡೆಯುವುದಿಲ್ಲ.

ಮಾತಿನ ನಡುವೆ ತಡೆದು ತಿದ್ದುವುದು, ನೆಂಟರ ಮುಂದೆ ‘ಇನ್ನೊಮ್ಮೆ ಹೇಳು’ ಎಂದು ನಗುವುದು, ಇವೆರಡು ಮಾಡುವಷ್ಟು ಹಾನಿ ಬೇರೆ ಯಾವುದೂ ಮಾಡುವುದಿಲ್ಲ. ಮಗು ಸೀದಾ ಇಂಗ್ಲಿಷಿಗೆ ಹೋಗಿಬಿಡುತ್ತದೆ. ‘ಬಲೆ ಎಲ್ಲಿ?’ ಎಂದರೆ ‘ಬಳೆ ಇಲ್ಲಿದೆ ನೋಡು’ ಎಂದು ಉತ್ತರದಲ್ಲೇ ಸರಿಯಾದ ಪದ ಕೊಡಿ.

ಯೂಟ್ಯೂಬ್ ಹಾಡು ಹಾಕಿ ಕೂರಿಸಿದರೆ ಉಚ್ಚಾರ ಬರುವುದಿಲ್ಲ. ಎದುರಿಗಿರುವವರು ಮಗುವಿಗೆ ತಿರುಗಿ ಉತ್ತರಿಸಬೇಕು. ವಿಡಿಯೋ ಕರೆಯಲ್ಲಿ ಅದು ಸಾಧ್ಯ, ಆದ್ದರಿಂದ ನಾಪೋಕ್ಲಿನ ಅಜ್ಜಿಯ ಜೊತೆ ಹತ್ತು ನಿಮಿಷ ಮಾತಾಡಿಸಿ. ‘ಊಟ ಆಯ್ತಾ’ ಎಂದು ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮಗುವಿನಿಂದ ಒಂದೊಂದೇ ವಸ್ತು ತರಿಸಿ ಹೆಸರು ಹೇಳಿಸಲು ಅಜ್ಜಿಗೆ ಮೊದಲೇ ತಿಳಿಸಿಡಿ. ಜೂನ್ ಬಂತೆಂದರೆ ಮಳೆಗೆ ಕರೆಂಟೂ ನೆಟ್‌ವರ್ಕೂ ಕೈಕೊಡುತ್ತವೆ, ಆ ತಿಂಗಳುಗಳಲ್ಲಿ ಹೊರದೇಶದಲ್ಲಿ ನೀವಿರುವ ಊರಲ್ಲೇ ಇರುವ ಕೊಡಗಿನ ಮನೆಗಳ ಮಕ್ಕಳನ್ನು ವಾರಕ್ಕೊಮ್ಮೆ ಸೇರಿಸಿ. ರಜೆಗೆ ಬರುವವರು, ಆಗುವುದಾದರೆ, ಪುತ್ತರಿ ಹಬ್ಬದ ಹೊತ್ತಿಗೆ ಬನ್ನಿ, ಆಗ ನೆಂಟರಿಷ್ಟರ ಮಕ್ಕಳೆಲ್ಲ ಮನೆಯಲ್ಲಿ ಸೇರಿರುತ್ತಾರೆ.

ರ, ಳ ತಡವಾಗಿ ಬರುವ ಧ್ವನಿಗಳು, ನಾಲ್ಕು ವರ್ಷದ ಮಗುವಿಗೆ ಬರಲಿಲ್ಲ ಎಂದು ಗಾಬರಿ ಬೇಡ. ಆದರೆ ಎರಡು ವರ್ಷ ದಾಟಿದರೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸದಿದ್ದರೆ ಅದು ಉಚ್ಚಾರಣೆಯ ಪ್ರಶ್ನೆಯಲ್ಲ. ನೀವಿರುವಲ್ಲೇ ಶ್ರವಣ ಪರೀಕ್ಷೆ ಮಾಡಿಸಿ. ಊರಿಗೆ ಬಂದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡುತ್ತಾರೆ.